ಕಾಗುಣಿತದ ತಪ್ಪು ಯಾರದು?

(ಗಜೇಂದ್ರಗಡದಲ್ಲಿ ನೇಕಾರರು, ಗಿರಣಿ ಕೆಲಸಗಾರರು ಹಾಗೂ ಕಿರಕೋಳ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ತುಟ್ಟಿಭತ್ತೆ, ನೂಲಿನ ದರ ಇವನ್ನೆಲ್ಲ ಬಿಟ್ಟು ಕಾಗುಣಿತದ ಮೇಲೆ ಮಾತನಾಡಲು ಇವರೇಕೆ ಬಂದರು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಒತ್ತು, ದೀರ್ಘ, ಮಹಾಪ್ರಾಣ ಇವು ಸಾಲಿ ಮಾಸ್ತರರ ಚಿಂತೆ. ಮಗ್ಗದ ಮುಂದೆ ಕೂತವನಿಗೂ ತಕ್ಕಡಿ ಹಿಡಿದವನಿಗೂ ಇದರಿಂದ ಆಗಬೇಕಾದದ್ದೇನು? ಆಗಬೇಕಾದದ್ದು ಬಹಳವಿದೆ. ಕೂಲಿಯ ಕರಾರು ಇರುವದು ಅಕ್ಷರದಲ್ಲಿ. ಸಾಲದ ಕಾಗದ ಇರುವದು ಅಕ್ಷರದಲ್ಲಿ. ಹೊಲದ ಉತಾರ, ರೇಶನ್ ಚೀಟಿ, ಮತದಾರರ ಯಾದಿ ಎಲ್ಲವೂ ಅಕ್ಷರದಲ್ಲಿಯೇ ಇವೆ. ಬಾಯಿಮಾತಿನಲ್ಲಿ ಗೆದ್ದದ್ದನ್ನು ಬಡವನು ಕಾಗದದಲ್ಲಿ ಕಳೆದುಕೊಳ್ಳುವದು ಇಂದು ನಿನ್ನೆಯ ಮಾತಲ್ಲ.

ಈಗ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಬಜಾರಗಳಲ್ಲಿ ಒಮ್ಮೆ ಅಡ್ಡಾಡಿ ಬನ್ನಿರಿ. ೨೦೨೪ರಲ್ಲಿ ತಿದ್ದುಪಡಿಯಾದ ಕಾನೂನಿನ ಮೇರೆಗೆ ಅಂಗಡಿಯ ಫಲಕದಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು. ಇದು ಆಗಬೇಕಾದ ಕೆಲಸವೇ ಸರಿ. ಆದರೆ ಕನ್ನಡ ಬೀದಿಗೆ ಬಂದ ಕೂಡಲೇ ಕನ್ನಡದ ತಪ್ಪುಗಳೂ ಬೀದಿಗೆ ಬಂದವು. ಭಾಷಾಭಿಮಾನಿಗಳು ಮೈಪರಚಿಕೊಳ್ಳುತ್ತಿದ್ದಾರೆ. ಫಲಕದ ಚಿತ್ರ ತೆಗೆದು ಫೋನಿನಲ್ಲಿ ಊರೆಲ್ಲ ಹಂಚಿ ನಗುತ್ತಿದ್ದಾರೆ. ಅವರ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವಿದೆ, ಬಹಳಷ್ಟು ಅನ್ಯಾಯವೂ ಇದೆ. ಎಲ್ಲ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಸಲ್ಲದು. ಕಾಳು ಬೇರೆ, ಹೊಟ್ಟು ಬೇರೆ ಮಾಡೋಣ.

ಮೊದಲನೆಯದಾಗಿ, ತಪ್ಪೇ ಅಲ್ಲದ್ದನ್ನು ತಪ್ಪು ಎನ್ನುವವರಿದ್ದಾರೆ. ನಾವು ‘ಸಾಲಿ’ ಅನ್ನುತ್ತೇವೆ, ‘ಬ್ಯಾಳಿ’ ಅನ್ನುತ್ತೇವೆ, ‘ಬ್ಯಾಡ’, ‘ಮ್ಯಾಲ’, ‘ಹೋಗ್ಯಾನ’ ಅನ್ನುತ್ತೇವೆ. ಇದನ್ನು ಕೇಳಿ ಪಟ್ಟಣದ ಪದವೀಧರನು ಮೂಗು ಮುರಿಯುತ್ತಾನೆ. ಅವನಿಗೆ ಒಂದು ಮಾತು ಹೇಳಿರಿ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ಬರೆದನು. ಸಂಸ್ಕೃತದ ಶಬ್ದಗಳು ಕನ್ನಡಿಗರ ನಾಲಗೆಯ ಮೇಲೆ ಹೇಗೆ ತಿರುಗುತ್ತವೆ ಎಂಬದನ್ನು ತಿಳಿಸಲು ಅದರಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನೇ ಇಟ್ಟನು. ಆಕಾಶ ಹೋಗಿ ಆಗಸವಾಯಿತು, ಮುಖ ಹೋಗಿ ಮೊಗವಾಯಿತು, ಯಜ್ಞ ಹೋಗಿ ಜನ್ನವಾಯಿತು, ಕಾರ್ಯ ಹೋಗಿ ಕಜ್ಜವಾಯಿತು. ಶಾಲೆ ಸಾಲೆಯಾದದ್ದೂ ಇದೇ ದಾರಿಯಲ್ಲಿ. ಪಂಡಿತನು ಇದಕ್ಕೆ ತದ್ಭವವೆಂದು ಗೌರವದ ಹೆಸರು ಕೊಡುತ್ತಾನೆ. ಅದೇ ಶಬ್ದ ನೇಕಾರನ ಬಾಯಿಂದ ಬಂದರೆ ಅಶುದ್ಧವೆನ್ನುತ್ತಾನೆ. ಇದು ವ್ಯಾಕರಣವಲ್ಲ, ವರ್ಗಭೇದ.

ನಮ್ಮ ಗದಗ ಜಿಲ್ಲೆಯ ಮುಳಗುಂದದ ನಯಸೇನನು ೧೧೧೨ರಲ್ಲಿ ‘ಧರ್ಮಾಮೃತ’ ಬರೆದಾಗ ಕನ್ನಡದಲ್ಲಿ ಬೇಡದ ಸಂಸ್ಕೃತವನ್ನು ತುರುಕುವದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಹಂಗಿಸಿದನು. ಒಂಬೈನೂರು ವರ್ಷ ಕಳೆದರೂ ಆ ಕಲಬೆರಕೆ ನಿಂತಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಧಾರವಾಡದ ಕಡೆಯ ಹಿರಿಯರು ‘ಮಾಡುವದು’, ‘ಹೋಗುವದು’ ಎಂದು ಬರೆದರು. ಮೈಸೂರಿನ ಕಡೆಯವರು ‘ಮಾಡುವುದು’, ‘ಹೋಗುವುದು’ ಎಂದು ಬರೆದರು. ೧೯೫೬ರ ನವೆಂಬರ್ ೧ರಂದು ನಾಡು ಒಂದಾಯಿತು. ಮುಂದೆ ಪಠ್ಯಪುಸ್ತಕದಲ್ಲಿ ಒಂದು ರೂಪ ನಿಂತಿತು, ಇನ್ನೊಂದು ರೂಪಕ್ಕೆ ಕೆಂಪುಶಾಯಿ ಬಿತ್ತು. ಎರಡರಲ್ಲಿ ಒಂದು ಸರಿ, ಒಂದು ತಪ್ಪು ಎಂಬದಕ್ಕೆ ಕಾರಣವೇನೂ ಇರಲಿಲ್ಲ. ಒಂದು ನಾಡಿಗೆ ಒಂದು ಬರಹ ಇರಲೆಂಬ ಅನುಕೂಲಕ್ಕಾಗಿ ಆದದ್ದನ್ನು ಜ್ಞಾನ-ಅಜ್ಞಾನದ ಅಳತೆಗೋಲು ಮಾಡಬಾರದು.

ಎರಡನೆಯದು, ಅರ್ಥವನ್ನೇ ಕೆಡಿಸುವ ತಪ್ಪು. ಇಲ್ಲಿ ಮಾತ್ರ ನಾನು ಭಾಷಾಭಿಮಾನಿಗಳ ಪಕ್ಷ. ‘ಶುದ್ಧ ಹಾಲು’ ಎಂದು ಬರೆಯುವಲ್ಲಿ ‘ಶುದ್ಧ ಹಾಳು’ ಎಂದು ಬರೆದರೆ ಗಿರಾಕಿ ಒಳಗೆ ಬರುವನೇ? ‘ಮನೆ ಬಾಡಿಗೆಗೆ ಇದೆ’ ಎನ್ನುವಲ್ಲಿ ‘ಮಣೆ ಬಾಡಿಗೆಗೆ ಇದೆ’ ಎಂದರೆ ಲಗ್ನದವರು ಬಂದಾರು. ನೇಕಾರನ ಕೈಯಲ್ಲಿ ಲಾಳಿ ಇದ್ದರೆ ಸೀರೆ, ಲಾಲಿ ಇದ್ದರೆ ನಿದ್ದೆ. ‘ಮದ್ಯಪಾನ ನಿಷೇಧ’ ಎಂದು ಬರೆಯಲು ಹೋಗಿ ‘ಮಧ್ಯಪಾನ’ ಎಂದು ಬರೆದವರು, ಆದಿಯಲ್ಲಿಯೂ ಅಂತ್ಯದಲ್ಲಿಯೂ ಕುಡಿಯಬಹುದು, ನಡುವೆ ಮಾತ್ರ ಬೇಡ ಎನ್ನುತ್ತಾರೇನೋ! ಕಿರಕೋಳ ವ್ಯಾಪಾರಿ ಎಂಬಲ್ಲಿ ‘ಕಿರುಕುಳ ವ್ಯಾಪಾರಿ’ ಎಂದು ಬಿದ್ದರಂತೂ ಕೇಳಬೇಡಿರಿ. ಕಿರುಕುಳವನ್ನು ಕೊಳ್ಳಲು ಯಾರೂ ಹಣ ಕೊಡಬೇಕಾಗಿಲ್ಲ, ಕಚೇರಿಗಳಲ್ಲಿ ಅದು ಪುಕ್ಕಟೆ ಸಿಗುತ್ತದೆ.

ನಗುವದು ಸಾಕು. ನಮ್ಮ ರೈತನು ಕೇಳುವದು ಬೆಳೆಗೆ ಬೆಲೆ. ಒಂದು ಅಕ್ಷರ ಅತ್ತಿತ್ತ ಆದರೆ ಅದು ಬೆಲೆಗೆ ಬೆಳೆ ಆಗುತ್ತದೆ. ಸರಕಾರ ಕೊಡಬೇಕಾದದ್ದು ಸಹಾಯಧನ. ಮಹಾಪ್ರಾಣ ತಪ್ಪಿದರೆ ಅದು ಸಹಾಯದನ. ನಮ್ಮ ಬಲ ಇರುವದು ಸಂಘದಲ್ಲಿ. ಅದನ್ನು ‘ಸಂಗ’ವೆಂದು ಬರೆದರೆ ನಾಲ್ಕು ಮಂದಿ ಕೂಡಿ ಹರಟೆ ಹೊಡೆದ ಹಾಗೆ. ಕರಾರಿನಲ್ಲಿಯೂ ಲೆಕ್ಕದ ಚೀಟಿಯಲ್ಲಿಯೂ ಇಂಥ ತಪ್ಪುಗಳು ಬಿದ್ದರೆ ಅದರ ಹಾನಿ ಯಾರಿಗೆ? ಬರೆದವನಿಗಲ್ಲ, ಓದದೆ ಸಹಿ ಹಾಕಿದವನಿಗೆ. ಆದುದರಿಂದ ಲ-ಳ, ನ-ಣ, ದ-ಧ ಇವುಗಳ ಭೇದವನ್ನು ಕಲಿಯುವದು ಪಾಂಡಿತ್ಯವಲ್ಲ. ತಕ್ಕಡಿಯ ಮುಳ್ಳನ್ನು ನೋಡಿಕೊಳ್ಳುವಂಥ ಎಚ್ಚರಿಕೆ.

ಮೂರನೆಯದು, ದೊಡ್ಡವರಾಗಿ ಕಾಣಬೇಕೆಂಬ ಆಸೆಯ ತಪ್ಪು. ಇದಕ್ಕೆ ಹೆದರಿಕೆಯ ಮಹಾಪ್ರಾಣವೆಂದು ಹೆಸರಿಡಬಹುದು. ಎಲ್ಲಿ ತಪ್ಪಾದೀತೋ ಎಂಬ ಅಂಜಿಕೆಯಿಂದ ಬೇಡದಲ್ಲಿಯೂ ಹೊಟ್ಟೆ ಸೀಳುವದು. ಉಚ್ಚಾರವು ‘ಉಚ್ಛಾರ’ವಾಗುತ್ತದೆ, ಜನಾರ್ದನನು ‘ಜನಾರ್ಧನ’ನಾಗುತ್ತಾನೆ, ವಿದ್ಯಾರ್ಥಿಯು ‘ವಿಧ್ಯಾರ್ಥಿ’ಯಾಗುತ್ತಾನೆ. ಪ್ರಶಸ್ತಿ ಕೊಡುವದು ಪ್ರದಾನ. ಆಮಂತ್ರಣ ಪತ್ರಿಕೆಯಲ್ಲಿ ಅದು ‘ಪ್ರಧಾನ’. ಶುಭಾಶಯವು ‘ಶುಭಾಷಯ’. ಇವು ನಿರಕ್ಷರಿಗಳ ತಪ್ಪುಗಳಲ್ಲ, ಹಾರ-ತುರಾಯಿ ಹಾಕಿಸಿಕೊಳ್ಳುವವರ ಬ್ಯಾನರುಗಳ ತಪ್ಪುಗಳು. ಚುನಾವಣೆ ಬಂತೆಂದರೆ ‘ಅಭ್ಯಾರ್ಥಿ’ ಎಂದು ಗೋಡೆಗೋಡೆಗೆ ಅಂಟಿಸುತ್ತಾರೆ, ಸರಿಯಾದದ್ದು ಅಭ್ಯರ್ಥಿ. ಜಾತಿ ಎಂಬದಕ್ಕೆ ಅತೀತ ಸೇರಿದರೆ ಜಾತ್ಯತೀತ. ‘ತ್ಯ’ಕ್ಕೆ ದೀರ್ಘ ಎಲ್ಲಿಂದ ಬಂತು? ಆದರೂ ‘ಜಾತ್ಯಾತೀತ’ ಎಂದು ದೀರ್ಘ ಎಳೆಯುವವರೇ ಹೆಚ್ಚು. ಶಬ್ದವನ್ನಾದರೂ ಸರಿಯಾಗಿ ಬರೆಯಲಿ, ಆಚರಣೆಯ ಮಾತು ಆಮೇಲೆ ನೋಡೋಣ.

ಬಹುವಚನದ ಮೇಲೆ ಬಹುವಚನ ಹೇರುವದು ಇದೇ ಜಾತಿಯ ಚಟ. ನೇಕಾರರು ಎಂದರೆ ಸಾಲದೇ? ‘ನೇಕಾರರುಗಳು’, ‘ಸದಸ್ಯರುಗಳು’, ‘ಮಹಿಳೆಯರುಗಳು’ ಏಕೆ? ಗಳು ಹಚ್ಚಿದ ಮಾತ್ರಕ್ಕೆ ಸಭೆಗೆ ಜನ ಹೆಚ್ಚುವದಿಲ್ಲ. ಇನ್ನು ಕೆಲವರು ಗಳು ಹಚ್ಚಿ ಕ್ರಿಯಾಪದವನ್ನು ಮರೆಯುತ್ತಾರೆ: ‘ಬೆಲೆಗಳು ಏರಿದೆ’. ಬೆಲೆ ಏರಿದೆ, ಬೆಲೆಗಳು ಏರಿವೆ. ಹೇಗೆ ಬರೆದರೂ ಕೊಳ್ಳುವವನ ಕಷ್ಟ ಒಂದೇ ಎನ್ನಬೇಡಿರಿ. ಬೇಡಿಕೆ ಪತ್ರದಲ್ಲಿ ಇಂಥ ತಪ್ಪಿದ್ದರೆ ಬೇಡಿಕೆಯನ್ನು ಬಿಟ್ಟು ತಪ್ಪನ್ನು ತೋರಿಸಿ ನಗುವವರು ಮೇಜಿನ ಆಚೆ ಕೂತಿರುತ್ತಾರೆ. ಅವರಿಗೆ ಆ ಅನುಕೂಲ ನಾವೇಕೆ ಮಾಡಿಕೊಡಬೇಕು?

ಇನ್ನು ನಾಲ್ಕನೆಯದು. ಇದರ ಮೇಲೆ ಭಾಷಾಭಿಮಾನಿಗಳ ಕಣ್ಣು ಬೀಳುವದೇ ಇಲ್ಲ. ಇದರಲ್ಲಿ ಕಾಗುಣಿತ ಸರಿ, ಸಂಧಿ ಸರಿ, ವಿಭಕ್ತಿಯೂ ಸರಿ. ಆದರೆ ಮಾಡಿದವನೇ ಇರುವದಿಲ್ಲ. ‘ಕೂಲಿಯು ಕಡಿತಗೊಳಿಸಲ್ಪಟ್ಟಿದೆ.’ ‘ಅರ್ಜಿಯು ತಿರಸ್ಕರಿಸಲ್ಪಟ್ಟಿದೆ.’ ‘ಸದರಿಯವರನ್ನು ಕೆಲಸದಿಂದ ತೆಗೆಯಲಾಗಿದೆ.’ ಯಾರು ಕಡಿದರು? ಯಾರು ತಿರಸ್ಕರಿಸಿದರು? ಯಾರು ತೆಗೆದರು? ವ್ಯಾಕರಣದಲ್ಲಿ ಇದಕ್ಕೆ ಕರ್ಮಣಿ ಪ್ರಯೋಗ ಎನ್ನುತ್ತಾರೆ. ನಮ್ಮ ಆಡುಮಾತಿನಲ್ಲಿ ಯಾರೂ ಹೀಗೆ ನುಡಿಯುವದಿಲ್ಲ. ‘ಸಾವಕಾರ ಕೂಲಿ ಕಡಿದ’ ಎನ್ನುತ್ತೇವೆ. ಕರ್ತೃ ಕಣ್ಣೆದುರಿಗೆ ನಿಲ್ಲುತ್ತಾನೆ. ಕಚೇರಿಯ ಕನ್ನಡದಲ್ಲಿ ಕರ್ತೃ ಕಳ್ಳನಂತೆ ಹಿತ್ತಲ ಬಾಗಿಲಿಂದ ಹೊರಟುಹೋಗುತ್ತಾನೆ, ಕರ್ಮ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ.

ನರಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಕರಕ್ಕೆ ‘ಬೆಟರ್‌ಮೆಂಟ್ ಲೆವಿ’ ಎಂದು ಹೆಸರಿತ್ತು. ಹೊಲಕ್ಕೆ ನೀರು ನೆಟ್ಟಗೆ ಬಂದಿಲ್ಲ, ಬದುಕು ಸುಧಾರಿಸಿಲ್ಲ, ಸುಧಾರಣೆಯ ಕರ ಮಾತ್ರ ಬಂದಿದೆ ಎಂದು ರೈತರು ಕೇಳಿದರು. ೧೯೮೦ರ ಜುಲೈ ೨೧ರಂದು ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ರೈತನೂ ಸತ್ತ, ಪೊಲೀಸರೂ ಸತ್ತರು. ‘ಗೋಲಿಬಾರ್ ನಡೆಯಿತು’ ಎನ್ನುವದು ಕಾಗದದ ಭಾಷೆ. ಗೋಲಿಬಾರ್ ಮಳೆಯಂತೆ ತಾನೇ ನಡೆಯುವದಿಲ್ಲ, ಯಾರೋ ನಡೆಸುತ್ತಾರೆ. ಕರ್ತೃವನ್ನು ಮುಚ್ಚಿಡುವ ಈ ವಾಕ್ಯಕ್ಕಿಂತ ದೊಡ್ಡ ವ್ಯಾಕರಣದೋಷ ಯಾವದಿದೆ?

ಇದರ ಜೊತೆಗೆ ಹೆಸರಿನ ಸಂಕಟವೊಂದು ಸೇರಿದೆ. ಇಂಗ್ಲಿಷಿನಲ್ಲಿ ಲ-ಳಕ್ಕೆ ಒಂದೇ ಅಕ್ಷರ, ನ-ಣಕ್ಕೆ ಒಂದೇ, ದ-ಡಕ್ಕೆ ಒಂದೇ. ರೋಣವನ್ನು ಆ ಲಿಪಿಯಲ್ಲಿ ಬರೆದು ಮತ್ತೆ ಕನ್ನಡಕ್ಕೆ ತಂದರೆ ‘ರಾನ್’ ಆಗಬಹುದು, ನರಗುಂದವು ‘ನರಗುಂಡ’ವಾಗಬಹುದು. ಊರು ಸಹಿಸಿಕೊಳ್ಳುತ್ತದೆ, ಮನುಷ್ಯ ಏನು ಮಾಡಬೇಕು? ಗಜೇಂದ್ರಗಡದ ಕಡೆ ಕಳಕಪ್ಪ ಎಂಬ ಹೆಸರು ಓಣಿಓಣಿಯಲ್ಲಿದೆ. ಗಣಕಯಂತ್ರದ ಮುಂದೆ ಕೂತವನು ಇಂಗ್ಲಿಷಿನಿಂದ ತಿರುಗಿಸಿದರೆ ಅವನು ‘ಕಲಕಪ್ಪ’. ಆಧಾರದಲ್ಲಿ ಒಂದು, ಉತಾರದಲ್ಲಿ ಒಂದು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು. ಒಂದು ಕಡೆ ಈರಪ್ಪ, ಇನ್ನೊಂದು ಕಡೆ ವೀರಪ್ಪ. ಹೆಸರು ಹೊಂದುವದಿಲ್ಲವೆಂದು ಪಿಂಚಣಿ ನಿಲ್ಲುತ್ತದೆ, ಅರ್ಜಿ ಹಿಂದಿರುಗುತ್ತದೆ. ತಪ್ಪು ಬರೆದವನು ಪಗಾರ ತೆಗೆದುಕೊಳ್ಳುತ್ತಾನೆ. ತಪ್ಪು ತಿದ್ದಿಸಲು ಮುದುಕಿಯೊಬ್ಬಳು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಫಲಕದ ಚಿತ್ರ ತೆಗೆದು ನಗುವ ಅಭಿಮಾನಿಗಳು ಈ ತಪ್ಪಿನ ಚಿತ್ರವನ್ನೂ ತೆಗೆಯಲಿ.

ಕನ್ನಡಕ್ಕಾಗಿ ಹೋರಾಡಿದ ಇತಿಹಾಸ ನಮ್ಮ ಈ ನೆಲಕ್ಕಿದೆ. ಮುಂಬಯಿ ಇಲಾಖೆಯ ಕಾಲದಲ್ಲಿ ಇಲ್ಲಿಯ ಮಕ್ಕಳಿಗೆ ಮರಾಠಿಯಲ್ಲಿ ಪಾಠವಾಗುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲೆಗಳನ್ನು ತೆರೆಯಿಸಿ ಆ ದಿಕ್ಕನ್ನು ಬದಲಿಸಿದರು. ಧಾರವಾಡದಲ್ಲಿ ೧೮೯೦ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣಕ್ಕಾಗಿ ದುಡಿದರು. ಸಮಾಜವಾದಿಗಳಿಗೂ ಇದರಲ್ಲಿ ಪಾಲಿದೆ. ಜನರಿಗೆ ತಿಳಿಯದ ಭಾಷೆಯಲ್ಲಿ ಆಳಿದರೆ ಅದು ಪ್ರಜಾಪ್ರಭುತ್ವವಲ್ಲ ಎಂಬದು ಡಾ. ಲೋಹಿಯಾ ಅವರ ವಾದ. ೧೯೬೭ರಲ್ಲಿ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದ್ದು ಅದೇ ನಂಬಿಕೆಯಿಂದ. ೧೯೬೩ರಲ್ಲಿಯೇ ಆಡಳಿತ ಭಾಷೆಯ ಕಾನೂನು ಬಂದಿದೆ. ಇಂಗ್ಲಿಷು ಹೋಗಿ ಕನ್ನಡ ಬಂದರೆ ಮಾತ್ರ ಸಾಲದು. ಬಂದ ಕನ್ನಡವು ಇಂಗ್ಲಿಷಿನಷ್ಟೇ ಕಬ್ಬಿಣದ ಕಡಲೆಯಾದರೆ ಬಡವನಿಗೆ ಬಂದ ಲಾಭವೇನು?

ಆದುದರಿಂದ ನಾಲ್ಕು ಕೆಲಸಗಳನ್ನು ನಾವು ಕೈಗೊಳ್ಳಬೇಕು. ಒಂದು: ಯಾವ ಕಾಗದಕ್ಕೂ ಗಟ್ಟಿಯಾಗಿ ಓದಿಸಿ ಕೇಳದೆ ಸಹಿ ಹಾಕಬಾರದು, ಹೆಬ್ಬೆಟ್ಟು ಒತ್ತುವವರಂತೂ ಎರಡು ಸಲ ಓದಿಸಬೇಕು. ಎರಡು: ಸಂಘದಲ್ಲಿ ಓದುಬರಹ ಬಲ್ಲ ಹುಡುಗ-ಹುಡುಗಿಯರು ವಾರಕ್ಕೊಂದು ಸಂಜೆ ಕೂತು ಎಲ್ಲರ ಹೆಸರನ್ನು ಆಧಾರ, ಉತಾರ, ಬ್ಯಾಂಕಿನ ಪುಸ್ತಕ ಮೂರರಲ್ಲಿಯೂ ತಾಳೆ ನೋಡಿ ತಿದ್ದುಪಡಿಯ ಅರ್ಜಿ ಬರೆದುಕೊಡಬೇಕು. ಮೂರು: ಅಂಗಡಿಕಾರರು ಫಲಕ ಅಚ್ಚಾಗುವ ಮೊದಲು ಕಿರಿಯ ಪ್ರಾಥಮಿಕ ಸಾಲಿಯ ಮಾಸ್ತರರಿಗೋ ಅಕ್ಕೋರಿಗೋ ಒಮ್ಮೆ ತೋರಿಸಬೇಕು, ಅದಕ್ಕೆ ದುಡ್ಡು ಬೀಳುವದಿಲ್ಲ. ನಾಲ್ಕು: ಕಚೇರಿಯಿಂದ ‘ಲ್ಪಟ್ಟಿದೆ’ ಎಂದು ಪತ್ರ ಬಂದರೆ ‘ಯಾರಿಂದ?’ ಎಂದು ಲಿಖಿತವಾಗಿ ಕೇಳಬೇಕು. ಮಾಹಿತಿ ಹಕ್ಕಿನ ಕಾನೂನು ೨೦೦೫ರಿಂದ ನಮ್ಮ ಕೈಯಲ್ಲಿದೆ.

ಕೊನೆಯದಾಗಿ ಭಾಷಾಭಿಮಾನಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಅಭಿಮಾನ ದೊಡ್ಡದು, ಅದು ಬೇಕು. ಆದರೆ ನಕ್ಕರೆ ಯಾರೂ ಕಲಿಯುವದಿಲ್ಲ. ನಕ್ಕವನ ಮುಂದೆ ಮತ್ತೆ ಬರೆಯಲು ಹೆದರುತ್ತಾರೆ, ಅಷ್ಟೇ. ಬರೆಯಲು ಹೆದರಿದ ಕೂಲಿಕಾರನು ತನ್ನ ಅರ್ಜಿಯನ್ನು ಇನ್ನೊಬ್ಬರಿಂದ ಬರೆಯಿಸುತ್ತಾನೆ, ದಲಾಲಿಯನ್ನೂ ಕೊಡುತ್ತಾನೆ. ಹತ್ತಿರ ಕೂತು ತಿದ್ದಿರಿ. ತಪ್ಪಿಲ್ಲದೆ ಮೂಕನಾಗಿರುವದಕ್ಕಿಂತ ತಪ್ಪು ಬರೆದಾದರೂ ತನ್ನ ಹಕ್ಕನ್ನು ಕೇಳುವವನು ಕನ್ನಡಕ್ಕೆ ಹೆಚ್ಚು ಬೇಕಾದವನು. ಅವನು ಸರಿಯಾಗಿ ಬರೆಯಲು ಕಲಿತ ದಿನ ಅವನ ಅರ್ಜಿಯನ್ನು ತಳ್ಳಿಹಾಕುವವರಿಗೆ ಒಂದು ನೆಪ ಕಡಿಮೆಯಾಗುತ್ತದೆ.