ಯೋಗ್ಯ, ಅಯೋಗ್ಯ – ಇವೆರಡರ ನಡುವೆ



ಯಮುನೆಯ ಪೂರ್ವದಂಡೆಯಲ್ಲಿರುವ ಮಯೂರ್ ವಿಹಾರದ ಒಂದು ವಸತಿ ಸಂಕೀರ್ಣದಲ್ಲಿ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಮೂರನೆಯ ಮಹಡಿಯಲ್ಲಿ ವಾಸಿಸುವ ಕೇಂದ್ರ ಸರ್ಕಾರದ ಅಧಿಕಾರಿ. ಇನ್ನೊಬ್ಬರು ಪಕ್ಕದ ತ್ರಿಲೋಕಪುರಿಯಿಂದ ಬಂದು ಗೇಟಿನಲ್ಲಿ ರಾತ್ರಿಪಾಳಿ ಮಾಡುವ ಕಾವಲುಗಾರರು. ಒಂದೇ ಚಳಿಗಾಲದಲ್ಲಿ ಇಬ್ಬರಿಗೂ ಹೃದಯಾಘಾತವಾಗುತ್ತದೆ. ಇಬ್ಬರಿಗೂ ಸ್ಟೆಂಟ್ ಅಳವಡಿಸಲಾಗುತ್ತದೆ, ಇಬ್ಬರೂ ಬದುಕುತ್ತಾರೆ. ವೈದ್ಯರ ದೃಷ್ಟಿಯಲ್ಲಿ ಎರಡೂ ಒಂದೇ ಕಥೆ. ಆದರೆ ಆರು ವಾರಗಳ ಬಳಿಕ ಅಧಿಕಾರಿ ತಮ್ಮ ಕುರ್ಚಿಗೆ ಮರಳುತ್ತಾರೆ. ಕಾವಲುಗಾರರ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿರುತ್ತಾರೆ. ಹೃದ್ರೋಗದ ಚರ್ಚೆ ಆಸ್ಪತ್ರೆಯ ಬಾಗಿಲಿನಲ್ಲೇ ಮುಗಿದುಹೋಗುವುದರಿಂದ ಈ ಅಂತರ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ.

ಇದು ವಿರಳ ಪ್ರಸಂಗವಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ವಯಸ್ಸು ಸುಮಾರು 53. ಉಳಿದವರಿಗಿಂತ ಐದಾರು ವರ್ಷ ಮೊದಲು. ಕೇಂದ್ರ ಸರ್ಕಾರದ ನೌಕರರ ನಿವೃತ್ತಿಯ ವಯಸ್ಸು ಸಾಮಾನ್ಯವಾಗಿ 60. ಅಂದರೆ ಈ ರೋಗ ಮನೆಯ ಹಿರಿಯರನ್ನಷ್ಟೇ ಅಲ್ಲ, ಮನೆ ನಡೆಸುವವರನ್ನೂ ಹಿಡಿಯುತ್ತದೆ. ಮಕ್ಕಳ ಶಿಕ್ಷಣ, ಮನೆಯ ಸಾಲ, ತಂದೆತಾಯಿಯರ ಔಷಧ ಇವೆಲ್ಲ ಅವರ ಸಂಬಳವನ್ನೇ ನೆಚ್ಚಿಕೊಂಡಿರುವ ಕಾಲವದು.

ಹೃದಯಾಘಾತವಾದವರು ಇನ್ನು ದುಡಿಯಲಾರರೆಂಬುದು ಹಳೆಯ ಭಯ. ತೊಡಕುಗಳಿಲ್ಲದಿದ್ದರೆ ಕುಳಿತು ಮಾಡುವ ಕೆಲಸಕ್ಕೆ ಕೆಲವೇ ವಾರಗಳಲ್ಲಿ ಮರಳಬಹುದು. ಬೈಪಾಸ್ ಶಸ್ತ್ರಚಿಕಿತ್ಸೆಯಾದರೆ ಎದೆಯ ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು; ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ. ಹೃದಯ ಎಷ್ಟು ಶ್ರಮ ತಾಳಬಲ್ಲದೆಂಬುದನ್ನು ಟ್ರೆಡ್‌ಮಿಲ್ ಪರೀಕ್ಷೆಯಿಂದ ಅಳೆಯಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವ ಕೆಲಸ, ಎಷ್ಟು ಹೊತ್ತು, ಯಾವ ಪಾಳಿ ಎಂಬುದು. ಸ್ಟೆಂಟ್ ಹಾಕಿದ ಮೇಲೆ ಹಲವು ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಸೇವಿಸಬೇಕಾಗುತ್ತದೆ. ಗುಮಾಸ್ತರಿಗೆ ಅದು ಬರಿಯ ಮಾತ್ರೆ, ಬಡಗಿಗೆ ಪ್ರತಿ ಗಾಯವೂ ಹೆಚ್ಚು ರಕ್ತ ಸುರಿಸಬಹುದೆಂಬ ಎಚ್ಚರಿಕೆ. ಇನ್ನು ಮನಸ್ಸಿನ ಮಾತು: ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲೊಬ್ಬರು ಖಿನ್ನತೆಗೆ ಒಳಗಾಗುತ್ತಾರೆ. ಮೆಟ್ಟಿಲು ಹತ್ತುವಾಗಲೂ ಎದೆಯ ಮೇಲೆ ಕೈಯಿಟ್ಟುಕೊಳ್ಳುವವರಿಗೆ, ಕೆಲಸ ಉಳಿದಿದೆಯೆಂಬ ಭರವಸೆಯೇ ಅರ್ಧ ಚಿಕಿತ್ಸೆ.

ಆದರೆ ವ್ಯವಸ್ಥೆಗೆ ಗೊತ್ತಿರುವುದು ಎರಡೇ ಪದಗಳು. ಕೇಂದ್ರ ಸರ್ಕಾರದ ರಜೆ ನಿಯಮಗಳಂತೆ, ವೈದ್ಯಕೀಯ ರಜೆಯ ಮೇಲಿದ್ದವರು ದೈಹಿಕ ಯೋಗ್ಯತಾ ಪ್ರಮಾಣಪತ್ರವಿಲ್ಲದೆ ಕೆಲಸಕ್ಕೆ ಮರಳುವಂತಿಲ್ಲ. ಆ ಪತ್ರ ಹೇಳುವುದು ಯೋಗ್ಯ ಅಥವಾ ಅಯೋಗ್ಯ ಎಂದು ಮಾತ್ರ. ಬ್ರಿಟನ್ 2010ರಲ್ಲಿ ಇವೆರಡರ ನಡುವೆ ಮೂರನೆಯ ಸಾಲೊಂದನ್ನು ಸೇರಿಸಿತು: ಕೆಲವು ಬದಲಾವಣೆಗಳಾದರೆ ಕೆಲಸ ಮಾಡಬಲ್ಲರು. ಹಂತಹಂತವಾಗಿ ಮರಳುವುದು, ಬೇರೆ ವೇಳೆ, ಬೇರೆ ಹೊಣೆ, ಕೆಲಸದ ಸ್ಥಳದಲ್ಲಿ ಅನುಕೂಲ – ಇವುಗಳಲ್ಲಿ ಬೇಕಾದುದನ್ನು ವೈದ್ಯರು ಗುರುತಿಸುತ್ತಾರೆ. ಕಾಗದದ ಮೇಲಿನ ಒಂದು ಸಾಲು ನೌಕರಿಯೊಂದನ್ನು ಉಳಿಸಬಲ್ಲದು.

ಇಲ್ಲಿನ ಕಾನೂನು ಪೂರ್ತಿ ಕುರುಡಲ್ಲ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾದ ನೌಕರರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ, ಅನಾರೋಗ್ಯದಲ್ಲಿ ವರ್ಷಕ್ಕೆ 91 ದಿನ ವೇತನದ ಶೇ. 70ರಷ್ಟನ್ನು ಕೊಡುತ್ತದೆ. ಪಟ್ಟಿಯಲ್ಲಿರುವ ದೀರ್ಘಕಾಲಿಕ ರೋಗಗಳಿಗೆ ಶೇ. 80ರಂತೆ ಎರಡು ವರ್ಷದವರೆಗೂ ನೆರವುಂಟು. ಹೃದಯ ವೈಫಲ್ಯದಂಥ ಕೆಲವು ಗಂಭೀರ ಹೃದ್ರೋಗಗಳು ಆ ಪಟ್ಟಿಯಲ್ಲಿವೆ. ಅನಾರೋಗ್ಯ ಭತ್ಯೆ ಪಡೆಯುತ್ತಿರುವ ನೌಕರರನ್ನು ವಜಾ ಮಾಡಬಾರದೆಂಬ ತತ್ವವನ್ನೂ 1948ರ ಕಾಯಿದೆ ಹಾಕಿಕೊಟ್ಟಿತು.

ಬಿರುಕುಗಳಿರುವುದು ಬೇರೆಡೆ. 2017ರಲ್ಲಿ ಇಎಸ್‌ಐ ವೇತನಮಿತಿ ತಿಂಗಳಿಗೆ 21,000 ರೂಪಾಯಿಗೆ ನಿಂತಿತು. 2024ರ ಅಕ್ಟೋಬರ್‌ನಲ್ಲಿ ದೆಹಲಿಯ ಕುಶಲ ಕಾರ್ಮಿಕರ ಕನಿಷ್ಠ ವೇತನವೇ 21,917 ರೂಪಾಯಿಯಾಯಿತು. ಕನಿಷ್ಠ ವೇತನ ಪಡೆಯುವವರೇ ವಿಮೆಯ ದೃಷ್ಟಿಯಲ್ಲಿ ಸಿರಿವಂತರಾದರೆಂಬುದು ಆಳುವವರು ಉತ್ತರಿಸಬೇಕಾದ ವಿಪರ್ಯಾಸ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೊಳಗಾದ ಸರ್ಕಾರಿ ನೌಕರರನ್ನು ತೆಗೆದುಹಾಕದಂತೆ ರಕ್ಷಿಸುತ್ತದೆ. ಅದರ 21 ವೈಕಲ್ಯಗಳ ಪಟ್ಟಿಯಲ್ಲಿ ಹೃದ್ರೋಗವಿಲ್ಲ. ಇನ್ನು 1947ರ ಕೈಗಾರಿಕಾ ವಿವಾದಗಳ ಕಾಯಿದೆ, ಸತತ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ಬಿಡಿಸಿದರೆ ಅದನ್ನು ಹಿಂಬಡ್ತಿಯೆಂದಲ್ಲ, ಕಡಿತವೆಂದೂ ಎಣಿಸಲಿಲ್ಲ. ಹಾಗಾಗಿ ಕಡಿತದ ಪರಿಹಾರವೂ ಇರಲಿಲ್ಲ. 

ಬದಲಾವಣೆ ಅಸಾಧ್ಯವೆನ್ನುವವರು 2024ರ ನವೆಂಬರ್ ತಿಂಗಳನ್ನು ನೆನೆಯಬೇಕು. ಹೊಗೆಮಂಜು ಕವಿದಾಗ ದೆಹಲಿ ಸರ್ಕಾರ ತನ್ನ ಅರ್ಧದಷ್ಟು ನೌಕರರು ಮನೆಯಿಂದಲೇ ಕೆಲಸ ಮಾಡಲೆಂದು ಆದೇಶಿಸಿತು. ಕಚೇರಿಗಳು ನಿಂತುಹೋಗಲಿಲ್ಲ. ಇಡೀ ನಗರಕ್ಕಾಗಿ ಮಾಡಿದ ಏರ್ಪಾಡನ್ನು ಎದೆ ನೊಂದ ಒಬ್ಬರಿಗಾಗಿ ಆರು ವಾರ ಮಾಡಲಾಗದೇ? ಆ ಹೊಗೆ ಮತ್ತು ಚಳಿ ಮೊದಲು ಕಾಡುವುದೂ ಅವರನ್ನೇ.

ಕಾನೂನು ತಿದ್ದುವವರೆಗೆ ಉದ್ಯೋಗದಾತರು ಕಾಯಬೇಕಾಗಿಲ್ಲ. ನೌಕರರು ಮರಳುವ ಮುನ್ನವೇ ಅವರೊಂದಿಗೆ ಕುಳಿತು ಮಾತನಾಡಲಿ. ಅವರ ಒಪ್ಪಿಗೆ ಪಡೆದು, ಯಾವ ಕೆಲಸ ಸಲ್ಲದೆಂದು ವೈದ್ಯರಿಂದ ಬರೆಸಿಕೊಳ್ಳಲಿ. ಮೊದಲ ವಾರಗಳಲ್ಲಿ ಅರ್ಧ ದಿನ; ವೈದ್ಯರು ಒಪ್ಪುವವರೆಗೆ ರಾತ್ರಿಪಾಳಿ ಬೇಡ; ತಪಾಸಣೆಯ ದಿನ ಸಂಬಳ ಕಡಿತ ಬೇಡ. ರೋಗದ ವಿವರ ಕಚೇರಿಯ ಹರಟೆಯಾಗಬಾರದು. ಹೃದಯ ನಿಂತಾಗ ಎದೆಯೊತ್ತಿ ಜೀವ ಉಳಿಸುವ ವಿಧಾನವನ್ನು ಇಬ್ಬರಾದರೂ ಕಲಿತಿರಲಿ.

ವಸತಿ ಸಂಕೀರ್ಣಗಳೂ ಉದ್ಯೋಗದಾತರೇ. ಕಾವಲುಗಾರರನ್ನು ಒದಗಿಸುವ ಏಜೆನ್ಸಿಗೆ ಹಣ ಪಾವತಿಸುವಾಗ ಅವರ ಇಎಸ್‌ಐ ವಂತಿಗೆ ನಿಜವಾಗಿ ಸಂದಾಯವಾಗಿದೆಯೇ ಎಂದು ಆಡಳಿತ ಸಮಿತಿ ಕೇಳಬೇಕು. ಉದ್ಯೋಗದಾತರ ಪಾಲು ಶೇ. 3.25, ನೌಕರರದು ಶೇ. 0.75. ಝಿಲ್‌ಮಿಲ್‌ನಲ್ಲಿಯೂ ನೋಯ್ಡಾದ ಸೆಕ್ಟರ್ 24ರಲ್ಲಿಯೂ ಇಎಸ್‌ಐ ಆಸ್ಪತ್ರೆಗಳಿವೆ. ಅವು ತೆರೆದುಕೊಳ್ಳುವುದು ಆ ವಂತಿಗೆ ಸಂದಾಯವಾಗಿದ್ದಾಗ. ಮನೆಗೆಲಸದವರಿಗೆ ಆ ಬಾಗಿಲೂ ಇಲ್ಲ. ಅವರು ಹಾಸಿಗೆ ಹಿಡಿದ ದಿನಗಳ ಸಂಬಳ ಮನೆಯೊಡೆಯರ ವಿವೇಕಕ್ಕೇ ಬಿಟ್ಟದ್ದು.

ಕನ್ನಡ ನಾಡಿನ ಶಾಸನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೇ ಹೇಳುತ್ತವೆ. ಆಸ್ಪತ್ರೆ ಕಟ್ಟಿಸಿ ಔಷಧ ಕೊಡಿಸಿದವರು ಭೈಷಜ್ಯದಾನದ ಪುಣ್ಯವಂತರು. ಆದರೆ ಗುಣಮುಖರಾಗಿ ಬಂದವರಿಗೆ "ನಿಮ್ಮ ಕೆಲಸ ನಿಮಗಾಗಿ ಕಾದಿದೆ" ಎಂದು ಹೇಳುವುದು ಅಭಯ. ಅದಕ್ಕೆ ಶಿಲಾಫಲಕ ಬೇಕಿಲ್ಲ. ಗೇಟಿನ ಬಳಿಯ ಒಂದು ಕುರ್ಚಿಯನ್ನು ಆರು ವಾರ ಅವರ ಹೆಸರಿನಲ್ಲೇ ಉಳಿಸಿದರೆ ಸಾಕು.