ತಂಬೂರಿಯೂ ಗಿಟಾರೂ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಸಂಗೀತದ ಮೇಲೆ ಮಾತನಾಡಲು ಗಿರಣಿಯ ಗುಮಾಸ್ತನೊಬ್ಬನನ್ನು ಏಕೆ ನಿಲ್ಲಿಸಿದರು ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬೇಕು. ನನಗೂ ಅನ್ನಿಸಿತು. ಸ್ವರಜ್ಞಾನ ನನಗಿಲ್ಲ, ಓದಿದ್ದು ಮೆಟ್ರಿಕ್‌ವರೆಗೆ. ಆದರೆ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದವನು. ತಪ್ಪು ಮಾಡಿದವನಿಗೆ ಅದನ್ನು ವಿಚಾರಿಸಿ ತಿಳಿಯುವ ಹೊಣೆಯೂ ಉಂಟಷ್ಟೆ. ಆ ವಿಚಾರಣೆಯ ವರದಿಯನ್ನೇ ಈಗ ಒಪ್ಪಿಸುತ್ತಿದ್ದೇನೆ.

2024ರ ರಾಜ್ಯೋತ್ಸವದ ಕಾರ್ಯಕ್ರಮಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಾಚನಾಲಯಕ್ಕೆ ಬರುತ್ತಿದ್ದ ನಾಲ್ವರು ಹುಡುಗ ಹುಡುಗಿಯರು ಒಂದು ಸಂಜೆ ಬಂದು, ‘ಕಾಕಾ, ನಾವು ಶರೀಫರ ಒಂದು ಪದ ಹಾಡುತ್ತೇವೆ, ಹೆಸರು ಬರಕೊಳ್ರಿ’ ಎಂದರು. ಮಾಳಿಗೆ ಸೋರುವ ಪದ. ಸಂತೋಷದಿಂದ ಬರೆದುಕೊಂಡೆ. ಪಕ್ಕವಾದ್ಯ ಯಾವುದು ಎಂದು ಕೇಳಿದೆ. ಎರಡು ಗಿಟಾರು, ಮೇಲೆ ಕುಳಿತು ಬಾರಿಸುವ ಒಂದು ಮರದ ಪೆಟ್ಟಿಗೆ ಎಂದರು. ಬರೆದ ಹೆಸರನ್ನು ಅಲ್ಲಿಯೇ ಹೊಡೆದುಹಾಕಿದೆ. ‘ತತ್ವಪದಕ್ಕೆ ತಂಬೂರಿ ಬೇಕು, ಅದಿಲ್ಲದಿದ್ದರೆ ನಮ್ಮ ಹಾರ್ಮೋನಿಯಂ ಇದೆ. ಗಿಟಾರು ಹಿಡಿದು ಕುಣಿಯಲು ಬೇರೆ ಜಾಗ ನೋಡಿಕೊಳ್ಳಿ’ ಎಂದೆ. ಅವರಲ್ಲಿ ಒಬ್ಬಳು, ‘ಹಾರ್ಮೋನಿಯಂ ಏನು ಶಿಶುನಾಳದಾಗ ತಯಾರಾತೇನ್ರಿ, ಕಾಕಾ?’ ಎಂದಳು. ಚಿಕ್ಕ ಬಾಯಿಗೆ ದೊಡ್ಡ ಮಾತು ಬೇಡ ಎಂದು ಗದರಿಸಿ ಕಳಿಸಿದೆ. ರಾಜ್ಯೋತ್ಸವ ಚೆನ್ನಾಗಿಯೇ ನಡೆಯಿತು. ವೇದಿಕೆಯ ಮೇಲೆ ನಲವತ್ತರ ಕೆಳಗಿನವರು ಯಾರೂ ಇರಲಿಲ್ಲ ಎಂಬುದು ಮಾತ್ರ ಆಮೇಲೆ ಹೊಳೆಯಿತು.

ಮುಂದೆ ಜನವರಿಯಲ್ಲಿ ಒಂದು ರಾತ್ರಿ ವಾಶಿಯ ನೆಂಟರ ಮನೆಯಿಂದ ಹಿಂದಿರುಗುತ್ತಿದ್ದೆ. ನೆರೂಳಿನಲ್ಲಿ ಗಾಡಿ ನಿಂತದ್ದೇ ತಡ, ಜನ ನುಗ್ಗಿದ ರಭಸಕ್ಕೆ ನನ್ನ ಕೈಚೀಲ ಒಂದು ಕಡೆ, ನಾನೊಂದು ಕಡೆ. ಕೋಲ್ಡ್‌ಪ್ಲೇ ಎಂಬ ಇಂಗ್ಲಿಷ್ ತಂಡದವರು ಅಲ್ಲಿಯ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ 2025ರ ಜನವರಿ 18, 19 ಮತ್ತು 21ರಂದು ಹಾಡಿದ್ದು ನಿಮಗೆಲ್ಲ ಗೊತ್ತು. ಆ ದಿನಗಳಲ್ಲಿ ನಮ್ಮ ಹಾರ್ಬರ್ ಗಾಡಿಗಳನ್ನು ಹತ್ತಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಕೇಳಲು ಬಂದವರ ಕೈಗೆಲ್ಲ ಒಂದೊಂದು ಪಟ್ಟಿ ಕಟ್ಟಿ, ಹಾಡಿನ ಲಯಕ್ಕೆ ಸರಿಯಾಗಿ ಅವೆಲ್ಲ ಒಮ್ಮೆಲೇ ಬೆಳಗುವಂತೆ ಮಾಡುತ್ತಾರೆ. ಹೋಗುವಾಗ ಹಿಂದಿರುಗಿಸಿ ಎನ್ನುತ್ತಾರೆ. ಆ ಗುಂಪಿನ ನಡುವೆ ನಮ್ಮ ನಾಲ್ವರಲ್ಲಿ ಒಬ್ಬನನ್ನು ಕಂಡೆ. ಟಿಕೆಟು ಸಿಕ್ಕಿರಲಿಲ್ಲವಂತೆ; ಹೊರಗೆ ರಸ್ತೆಯಲ್ಲಿ ನಿಂತು ಕೇಳಿ ಬಂದಿದ್ದ. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ. ಮಾರನೆಯ ದಿನ ಹಾಜರಿ ಪುಸ್ತಕ ತಿರುವಿ ನೋಡಿದೆ. ನವೆಂಬರಿನಿಂದೀಚೆಗೆ ಆ ನಾಲ್ವರ ಸಹಿಯೇ ಇಲ್ಲ. ಅವರ ಜೊತೆಗೆ ಬರುತ್ತಿದ್ದ ಇನ್ನೂ ಕೆಲವರದೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಇಂಥ ಖಾಲಿ ಕಂಡರೆ ನಾನು ಕಾರಣ ಹುಡುಕದೆ ಬಿಡುವವನಲ್ಲ. ಇಲ್ಲಿ ಹುಡುಕುವ ಕಷ್ಟವೂ ಇರಲಿಲ್ಲ.

ಸರಿ, ಈ ಪಾಪ್ ರಾಕ್ ಎಂಬುದು ಏನು? ನಾನು ತಿಳಿದಷ್ಟನ್ನು ಹೇಳುತ್ತೇನೆ. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು ಒಂದು, ಅದಕ್ಕೆ ಬ್ಲೂಸ್ ಎಂದು ಹೆಸರು. ಹಳ್ಳಿಗಾಡಿನ ಬಿಳಿಯರ ಹಾಡು ಇನ್ನೊಂದು. ಇವೆರಡೂ ಬೆರೆತು, ವಿದ್ಯುತ್ ಗಿಟಾರಿನ ಬಲ ಸೇರಿ, 1950ರ ದಶಕದಲ್ಲಿ ರಾಕ್ ಅಂಡ್ ರೋಲ್ ಹುಟ್ಟಿತು. ಚಕ್ ಬೆರಿ, ಎಲ್ವಿಸ್ ಪ್ರೆಸ್ಲಿ ಎಂಬ ಹೆಸರುಗಳನ್ನು ನೀವು ಕೇಳಿರಬಹುದು. ಅದು ಬಿರುಸಿನ ಹಾಡು. 1962ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ನಾಲ್ವರು, ಬೀಟಲ್ಸ್ ಎಂಬವರು, ಆ ತಂಡದ ಹೆಸರಿನಲ್ಲಿ ತಮ್ಮ ಮೊದಲ ತಟ್ಟೆ ಹೊರತಂದರು. ಅವರು ಆ ಬಿರುಸನ್ನು ಇಟ್ಟುಕೊಂಡೇ ಅದಕ್ಕೆ ಎಲ್ಲರ ಬಾಯಿಗೂ ಬರುವಂಥ ಇಂಪಾದ ಮಟ್ಟು ಕೂಡಿಸಿದರು. ರಾಕ್‌ನ ಕಸುವು, ಪಾಪ್‌ನ ಇಂಪು. ಈ ಕೂಡಿಕೆಯೇ ಪಾಪ್ ರಾಕ್. ನೆರೂಳಿಗೆ ಬಂದವರು ಆ ವಂಶದವರೇ.

ಅದರ ಲಕ್ಷಣಗಳು ನಮಗೆ ಅಪರಿಚಿತವೇನಲ್ಲ. ಹಾಡು ಮೂರು ನಾಲ್ಕು ನಿಮಿಷದ್ದು. ಇದಕ್ಕೆ ಕಾರಣ ಸೌಂದರ್ಯಶಾಸ್ತ್ರವಲ್ಲ, ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಗ್ಗುಲಿಗೆ ಹಿಡಿಸುತ್ತಿದ್ದದ್ದೇ ಸುಮಾರು ಮೂರು ನಿಮಿಷ! ತಟ್ಟೆ ಹೋಗಿ ಕ್ಯಾಸೆಟ್ ಬಂದು, ಅದೂ ಹೋಗಿ ಕಿಸೆಯ ಫೋನಿನಲ್ಲಿ ಹಾಡು ಕುಳಿತರೂ ಆ ಅಳತೆ ಹೆಚ್ಚು ಬದಲಾಗಲಿಲ್ಲ. ನಮ್ಮ ಪಲ್ಲವಿ, ಚರಣದಂತೆಯೇ ಅಲ್ಲಿಯೂ ಮರಳಿ ಬರುವ ಒಂದು ಭಾಗ, ಮುಂದೆ ಸಾಗುವ ಒಂದು ಭಾಗ ಉಂಟು. ವ್ಯತ್ಯಾಸವೆಂದರೆ, ಮರಳಿ ಬರುವ ಭಾಗಕ್ಕೆ ವಾದ್ಯಗಳೆಲ್ಲ ಒಟ್ಟಿಗೆ ಏರುತ್ತವೆ, ಕೇಳುವವರೂ ಕೂಡಿ ಹಾಡಬೇಕೆಂಬುದೇ ಉದ್ದೇಶ. ಭಜನಾ ಮಂಡಳಿಯಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಳ ನಾಲ್ಕು ಎಣಿಕೆಯದು. ಪೆಟ್ಟು ಎರಡನೆಯದರ ಮೇಲೂ ನಾಲ್ಕನೆಯದರ ಮೇಲೂ ಜೋರಾಗಿ ಬೀಳುತ್ತದೆ. ನಾವು ಸಾಮಾನ್ಯವಾಗಿ ಒಂದರ ಮೇಲೆ ಚಪ್ಪಾಳೆ ತಟ್ಟುವವರು. ಹಿರಿಯರಿಗೆ ಆ ಹಾಡು ಕೇಳಿದಾಗ ಹೆಜ್ಜೆ ತಪ್ಪಿದಂತೆ ಅನ್ನಿಸುವುದು ಇದರಿಂದಲೇ ಇರಬೇಕು.

ನಿಜವಾದ ವ್ಯತ್ಯಾಸ ಬೇರೆಯೇ ಇದೆ. ನಮ್ಮ ರಾಗ ಒಂದೇ ಎಳೆಯಾಗಿ ಹರಿಯುತ್ತದೆ. ಶ್ರುತಿಯೊಂದು ಹಿಂದೆ ನಿಂತಿರುತ್ತದೆ. ಗಿಟಾರಿನವನು ಮೂರು ಸ್ವರಗಳ ಗೊಂಚಲನ್ನು ಒಟ್ಟಿಗೆ ಮೀಟುತ್ತಾನೆ. ಅದಕ್ಕೆ ಕಾರ್ಡ್ ಎನ್ನುತ್ತಾರೆ, ಅಂಚೆ ಕಾರ್ಡಲ್ಲ. ಆ ಗೊಂಚಲು ಹಾಡಿನ ಉದ್ದಕ್ಕೂ ಬದಲಾಗುತ್ತಿರುತ್ತದೆ, ನಿಂತ ನೆಲವೇ ಸರಿದಂತೆ. ಗಮಕ ತುಂಬಿದ ರಾಗವನ್ನು ಇದರ ಮೇಲೆ ಕೂಡಿಸುವುದು ಕಷ್ಟ. ಆದರೆ ನಾಲ್ಕಾರು ಸ್ವರಗಳಲ್ಲಿಯೇ ಓಡಾಡುವ ಜಾನಪದ ಮಟ್ಟು, ತತ್ವಪದದ ಮಟ್ಟು, ಎರಡು ಮೂರು ಗೊಂಚಲಿನ ಮೇಲೆ ಸುಲಭವಾಗಿ ಕೂಡುತ್ತದೆ. ನಮ್ಮ ಹುಡುಗರು ಶರೀಫರನ್ನೇ ಹಿಡಿದದ್ದು ಬರೀ ಹುಡುಗಾಟವಾಗಿರಲಿಲ್ಲ ಎಂದು ಈಗ ತೋರುತ್ತದೆ.

ಇನ್ನು ಆ ಹುಡುಗಿಯ ಪ್ರಶ್ನೆ. ಹಾರ್ಮೋನಿಯಂ ಶಿಶುನಾಳದಲ್ಲಿ ತಯಾರಾದದ್ದಲ್ಲ. ಪ್ಯಾರಿಸ್ಸಿನ ದೆಬೆನ್ ಎಂಬಾತ 1842ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಶರೀಫರು ಹುಟ್ಟಿದ್ದು 1819ರಲ್ಲಿ. ಅಂದರೆ ವಾದ್ಯಕ್ಕಿಂತ ಸಂತರೇ ಹಿರಿಯರು. ಅದೇ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಸಲ್ಲದೆಂದು ಆಕಾಶವಾಣಿಯವರು 1940ರಿಂದ ಸುಮಾರು ಮೂವತ್ತು ವರ್ಷ ಅದನ್ನು ಹೊರಗಿಟ್ಟಿದ್ದರು. ಪಿಟೀಲಿನ ಕಥೆಯೂ ಹೀಗೆಯೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಕಚೇರಿಗೆ ತಂದರು. ಮೈಸೂರಿನ ಚೌಡಯ್ಯನವರು ಏಳು ತಂತಿ ಕಟ್ಟಿ ಅದನ್ನು ಕನ್ನಡದ್ದೇ ಮಾಡಿದರು. ಅತ್ತ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ನಮ್ಮ ರವಿಶಂಕರರ ಬಳಿ ಸಿತಾರ್ ಕಲಿತ. ಸಿತಾರು ಇಂಗ್ಲೆಂಡಿನದ್ದೇ ಎಂದು ಯಾರೂ ಅವನನ್ನು ಗದರಿಸಿದಂತಿಲ್ಲ.

ಈ ಸಂಗೀತದಲ್ಲಿ ನಮ್ಮವರ ಪಾಲು ಎಷ್ಟೆಂಬುದು ತಿಳಿದು ನಾನು ಬೆರಗಾದೆ. ಬಿಡ್ಡು ಎಂಬ ಹೆಸರನ್ನು ಎಷ್ಟು ಜನ ಕೇಳಿದ್ದೀರಿ? ಕೊಡವರು, ಬಿಡ್ಡು ಅಪ್ಪಯ್ಯ, 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಲ್ಲಿಯೇ ಟ್ರೋಜನ್ಸ್ ಎಂಬ ತಂಡ ಕಟ್ಟಿ ಗಿಟಾರು ಬಾರಿಸುತ್ತಿದ್ದರು. 1960ರ ದಶಕದ ಕೊನೆಯಲ್ಲಿ ದಾರಿಯುದ್ದಕ್ಕೂ ಹಾಡಿ ಸಂಪಾದಿಸುತ್ತ ಲಂಡನ್ ಸೇರಿದರು. 1974ರಲ್ಲಿ ಅವರು ಕಾರ್ಲ್ ಡಗ್ಲಾಸ್ ಎಂಬ ಗಾಯಕನಿಂದ ಹಾಡಿಸಿದ ‘ಕುಂಗ್ ಫು ಫೈಟಿಂಗ್’ ಇಂಗ್ಲೆಂಡ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಏರಿತು. ತಟ್ಟೆಯ ಹಿಂಬದಿಗೆಂದು, ಉಳಿದ ಸ್ವಲ್ಪ ಹೊತ್ತಿನಲ್ಲಿ ಮುಗಿಸಿದ ಹಾಡು ಅದು! 1980ರಲ್ಲಿ ‘ಕುರ್ಬಾನಿ’ ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಹಾಡೂ 1995ರಲ್ಲಿ ಅಲೀಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ಕೂಡ ಅವರ ಸಂಗೀತದವೇ. ಇಡೀ ದೇಶ ಕುಣಿಯಿತು. ಕುಣಿಸಿದವರು ನಮ್ಮ ನಾಡಿನವರೆಂದು ನಾವು ಕನ್ನಡಿಗರು ಹೆಚ್ಚಾಗಿ ಹೇಳಿಕೊಳ್ಳಲೇ ಇಲ್ಲ. ಆದರೆ ಬಿಡ್ಡು ಕನ್ನಡದಲ್ಲಿ ಹಾಡು ಕಟ್ಟಿ ಹೆಸರಾದವರಲ್ಲ. ಆ ಕೆಲಸ ಮೊದಲು ನಮ್ಮ ಸಿನಿಮಾದವರ ಪಾಲಿಗೆ ಬಂತು.

1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ಜಿ. ಕೆ. ವೆಂಕಟೇಶರು ಒಂದು ಇಂಗ್ಲಿಷ್ ಹಾಡನ್ನೇ ಕಟ್ಟಿ ಡಾ. ರಾಜಕುಮಾರರಿಂದ ಹಾಡಿಸಿದರು. ಗುಬ್ಬಿ ಕಂಪನಿಯ ರಂಗಗೀತೆಗಳಲ್ಲಿ ಪಳಗಿದ ಕಂಠ ಅದು! ಅಣ್ಣಾವ್ರು ಇಂಗ್ಲಿಷ್ ಹಾಡಿದಾಗ ಅಪಚಾರವೆನ್ನದ ನಾವು ಮಕ್ಕಳು ಗಿಟಾರು ಹಿಡಿದರೆ ಅಪಚಾರವೆನ್ನುತ್ತೇವೆ. ಅದೇ ವೆಂಕಟೇಶರ ಬಳಿ ಸಹಾಯಕರಾಗಿ ಗಿಟಾರು ಬಾರಿಸುತ್ತಿದ್ದ ತರುಣ ಇಳಯರಾಜ ಮುಂದೆ 1981ರಲ್ಲಿ ಶಂಕರನಾಗರ ‘ಗೀತಾ’ಕ್ಕೆ ಸಂಗೀತ ಕೊಟ್ಟರು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅದರಲ್ಲಿ ಹಾಡಿದ ಹಾಡುಗಳು ಇಂದಿಗೂ ಪ್ರತಿ ಗಣೇಶೋತ್ಸವದಲ್ಲೂ ಕೇಳುತ್ತವೆ. 1987ರಲ್ಲಿ ರವಿಚಂದ್ರನ್ ಮತ್ತು ಹಂಸಲೇಖರ ‘ಪ್ರೇಮಲೋಕ’ ಬಂತು. ಆಡುಮಾತನ್ನೇ ಹಾಡಾಗಿಸಬಹುದು, ಕಾಲೇಜಿನ ಹುಡುಗರ ಹರಟೆಗೂ ಡ್ರಮ್ಮಿನ ತಾಳ ಹೊಂದುತ್ತದೆ ಎಂದು ಹಂಸಲೇಖ ತೋರಿಸಿಕೊಟ್ಟರು. ಕನ್ನಡದ ಪಾಪ್ ಅಲ್ಲಿಂದ ಆರಂಭವೆಂದರೆ ತಪ್ಪಾಗಲಾರದು. ಮುಂದೆ ‘ಎ’, ‘ಉಪೇಂದ್ರ’ ಚಿತ್ರಗಳಲ್ಲಿ ಗುರುಕಿರಣ್ ಇನ್ನೂ ಬಿರುಸಾದ ದಾರಿ ಹಿಡಿದರು; ಅವು ನನ್ನ ಕಿವಿಗೆ ಅಷ್ಟಾಗಿ ಒಗ್ಗಲಿಲ್ಲ, ಮುಂದೆ ಹೋಗೋಣ.

ಶರೀಫರ ವಿಷಯಕ್ಕೆ ಬಂದರೆ, ಹಳ್ಳಿಯ ಭಜನೆಯ ಪದಗಳನ್ನು ಕ್ಯಾಸೆಟ್ಟಿಗೆ ತಂದು ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. ಆಗಲೂ ‘ಇದೇನು ವಾದ್ಯಗೋಷ್ಠಿಯ ಅಬ್ಬರ’ ಎಂದು ಗೊಣಗಿದವರಿದ್ದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲೆ ಆ ಮಟ್ಟುಗಳೇ ಮೂಲವೆಂದು ಜನ ನಂಬಿದರು. ನಾನೂ ನಂಬಿದ್ದೆ.

ಅಶ್ವಥ್ ಅವರ ನಂತರ ಆ ಪದಗಳನ್ನು ಕೈಗೆತ್ತಿಕೊಂಡವರು ರಘು ದೀಕ್ಷಿತ್. ಅವರು ಹುಟ್ಟಿದ್ದು ನಮ್ಮ ಮಹಾರಾಷ್ಟ್ರದ ನಾಸಿಕದಲ್ಲಿ, 1974ರಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಆ ನಾಟ್ಯವನ್ನು ಸಹಪಾಠಿಯೊಬ್ಬ ಹಾಸ್ಯ ಮಾಡಿದ್ದಕ್ಕೆ ಪಣತೊಟ್ಟು ಗಿಟಾರು ಕಲಿತೆನೆಂದು ಅವರೇ ಹೇಳಿಕೊಂಡಿದ್ದಾರೆ. ಮೊದಲು ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. 2008ರಲ್ಲಿ ಹೊರಬಂದ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿವೆ: ಗುಡುಗುಡಿಯದು, ಮಾಳಿಗೆಯದು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿದರು, 2011ರಲ್ಲಿ ಗ್ಲಾಸ್ಟನ್‌ಬರಿಯ ದೊಡ್ಡ ಮೇಳದಲ್ಲೂ ಹಾಡಿದರು. ಅವರ ತಮ್ಮ ವಾಸು ದೀಕ್ಷಿತ್ ಬೆಂಗಳೂರಿನ ‘ಸ್ವರಾತ್ಮ’ ತಂಡದಲ್ಲಿ ಇದೇ ಬಗೆಯ ಕೆಲಸ ಮಾಡಿದ್ದಾರೆ.

ಮಾಳಿಗೆಯ ಪದವನ್ನು ನಾನು ಅವರ ಕಂಠದಲ್ಲಿ ಮೂರು ಸಲ ಕೇಳಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ಪದಗಳು ಕೇಳಿಸಿದವು. ಮೂರನೆಯ ಸಲಕ್ಕೆ ಕಾಲು ತಾಳ ಹಾಕುತ್ತಿತ್ತು. ಮನೆಯವರು ನೋಡಿ ನಕ್ಕರು. ಆದರೂ ಎಲ್ಲವನ್ನೂ ಒಪ್ಪಿದೆನೆಂದು ತಿಳಿಯಬೇಡಿ. ಈ ಪದ್ಧತಿಯಲ್ಲಿ ಹಾಡುವ ಅನೇಕ ಹುಡುಗರ ತಂಡಗಳಲ್ಲಿ ಡ್ರಮ್ಮಿನ ಅಡಿಯಲ್ಲಿ ಮಾತು ಸತ್ತುಹೋಗುತ್ತದೆ. ತತ್ವಪದದಲ್ಲಿ ಮಾತೇ ಜೀವ. ವೇಗ ಏರಿಸಿ ಹಾಡಿದರೆ ಒಗಟು ಬಿಡಿಸಿಕೊಳ್ಳಲು ಕೇಳುವವನಿಗೆ ಬಿಡುವೇ ಇಲ್ಲ. ಈ ಆಕ್ಷೇಪವನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಕಳೆದ ತಿಂಗಳು ಆ ಹುಡುಗಿಯ ಮನೆಗೆ ಹೋದೆ. ‘ನನ್ನದು ತಪ್ಪಾಯಿತು, ತಂಗಿ’ ಎಂದೆ. ಅವಳ ತಾಯಿಗೆ ಮುಜುಗರವಾಗಿ ಒಳಗೆ ಚಹಾ ಮಾಡಲು ಹೋದರು. ಹುಡುಗಿ ತನ್ನ ವಹಿ ತೋರಿಸಿದಳು. ಪದವನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಮ್ಮಲ್ಲಿಗೆ ಬಂದು ಇಷ್ಟು ದಿನ ಚಿತ್ರದ ಪುಸ್ತಕ, ಇಂಗ್ಲಿಷ್ ಪತ್ರಿಕೆ ತಿರುವಿ ಹೋಗುತ್ತಿದ್ದಳು; ದಿನವೂ ಸಹಿ ಹಾಕಿಸಿಕೊಳ್ಳುತ್ತಿದ್ದ ನನಗೆ ಅದು ತಿಳಿದಿರಲಿಲ್ಲ. ‘ಕಾಕಾ, ಮಾಳಿಗಿ ಅಂದರ ಏನ್ರಿ?’ ಎಂದು ಕೇಳಿದಳು. ಅರ್ಥ ಗೊತ್ತಿಲ್ಲದೆ ಹಾಡಲು ಹೊರಟಿದ್ದಳೆಂದು ಮತ್ತೆ ಗದರಿಸಬಹುದಿತ್ತು. ಆದರೆ ಅರ್ಥ ಕೇಳುವ ಮಟ್ಟಿಗೆ ಅವಳನ್ನು ಕರೆತಂದದ್ದು ಗಿಟಾರೇ ಹೊರತು ನನ್ನ ಕಪಾಟಿನ ಪುಸ್ತಕವಲ್ಲ. ನಮ್ಮ ಊರ ಕಡೆಯ ಮಣ್ಣಿನ ಮಾಳಿಗೆ, ಅದರ ಮೇಲೆ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಮೆತ್ತುವುದು, ಆಲಸ್ಯ ಮಾಡಿದರೆ ಒಳಗೆ ಹನಿಯುವುದು, ಅದನ್ನೇ ಶರೀಫರು ಎಚ್ಚರಿಲ್ಲದ ಬಾಳಿಗೆ ಹೋಲಿಸಿದ್ದು, ಎಲ್ಲವನ್ನೂ ಹೇಳಿದೆ. ಅವರದು ಮೇಲಿನ ಅಂತಸ್ತು. ಅವಳು ತಲೆ ಎತ್ತಿ ಸೂರಿನ ಮೂಲೆಯಲ್ಲಿ ಕಳೆದ ಮಳೆಯ ಕಲೆಯನ್ನು ನೋಡಿ, ‘ಹಂಗಾದರ ಗೊತ್ತಾತು ಬಿಡ್ರಿ’ ಎಂದಳು.

ಈಗ ಅವರು ಭಾನುವಾರ ಸಂಜೆ ನಾಲ್ಕಕ್ಕೆ ಬರುತ್ತಿದ್ದಾರೆ. ಮೊದಲ ಅರ್ಧ ಗಂಟೆ ಅಕ್ಷರಾಭ್ಯಾಸ, ಆಮೇಲೆ ಅಭ್ಯಾಸದ ಹಾಡು. ಇದು ನಮ್ಮ ಒಪ್ಪಂದ. ಮೊದಲ ವಾರ ನಾಲ್ವರು, ಹೋದ ವಾರ ಏಳು ಜನ. ಆ ಹೊತ್ತಿನಲ್ಲಿ ಪತ್ರಿಕೆ ಓದುವ ಹಿರಿಯರಿಗೆ ತೊಂದರೆಯಾಗುತ್ತದೆಂಬ ದೂರು ಬಂದಿದೆ, ಅದು ನ್ಯಾಯವಾದದ್ದೇ. ಒಳಕೋಣೆಯ ಹಳೆಯ ಮಾಸಪತ್ರಿಕೆಗಳ ಕಟ್ಟುಗಳನ್ನು ಸರಿಸಿದರೆ ಅಲ್ಲಿ ಜಾಗವಾಗುತ್ತದೆ. ಬರುವ ಶನಿವಾರ ಸಂಜೆ ಅದಕ್ಕೆ ಇಬ್ಬರು ಕೈಜೋಡಿಸುವವರು ಬೇಕು. ಜೊತೆಗೆ ನಮ್ಮ ಹಾರ್ಮೋನಿಯಮ್ಮಿನ ತಿದಿ ಹರಿದು ಎರಡು ವರ್ಷವಾಯಿತು. ಹುಡುಗರು ಅದನ್ನೂ ಸೇರಿಸಿಕೊಂಡು ಹಾಡುತ್ತೇವೆ ಎನ್ನುತ್ತಿದ್ದಾರೆ. ಪನವೇಲಿನ ಕಡೆ ಅದನ್ನು ರಿಪೇರಿ ಮಾಡುವವರು ಯಾರಿಗಾದರೂ ಗೊತ್ತಿದ್ದರೆ ಸಭೆ ಮುಗಿದ ಮೇಲೆ ದಯವಿಟ್ಟು ನನಗೆ ತಿಳಿಸಿ.