ದೊಡ್ಡ ಕಟ್ಟಡದೊಳಗೆ ಕಾಗದದ ದಾರಿ

ಊರು, ಬೀದಿ, ಮನೆಯ ಸಂಖ್ಯೆ, ಇಷ್ಟನ್ನು ಬರೆದು ಕಾಗದವನ್ನು ಅಂಚೆಯ ಪೆಟ್ಟಿಗೆಗೆ ಹಾಕಿದೊಡನೆ ನಾವು ನಿಶ್ಚಿಂತರಾಗುತ್ತೇವೆ. ಅಂಚೆಯವನು ಅದನ್ನು ಬಾಗಿಲಿಗೆ ಮುಟ್ಟಿಸುವನು. ಆದರೆ ಆ ಒಂದು ಬಾಗಿಲಿನ ಹಿಂದೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಕೆಲಸಮಾಡುತ್ತಿದ್ದರೆ? ದಂಡಿನಲ್ಲಿರುವ ಮಗನ ಸುದ್ದಿಯಿಲ್ಲವೆಂದು ತಾಯಿಯೊಬ್ಬಳು ಬರೆದ ಓಲೆಯು ಬಾಗಿಲನ್ನು ಸೇರಿದ ಮಾತ್ರಕ್ಕೆ ಉತ್ತರ ಕೊಡತಕ್ಕವನ ಕೈಯನ್ನು ಸೇರಿದಂತಾಗಲಿಲ್ಲ.

ಅಮೆರಿಕದ ಸೇನಾಡಳಿತದ ಕೇಂದ್ರವಾದ ಪೆಂಟಗನ್ ಮಂದಿರವನ್ನು ನೋಡೋಣ. ೧೯೪೧ರಲ್ಲಿ ಆರಂಭವಾಗಿ ೧೯೪೩ರಲ್ಲಿ ಮುಗಿದ ಈ ಐದು ಮೂಲೆಯ ಕಟ್ಟಡಕ್ಕೆ ನೆಲದ ಮೇಲೆ ಐದು ಅಂತಸ್ತುಗಳು. ಒಂದರೊಳಗೊಂದು ಐದು ಸುತ್ತುಗಳು. ಅವುಗಳನ್ನು ಅಡ್ಡಹಾಯುವ ಹತ್ತು ಓಣಿಗಳು. ಒಳಗಿನ ನಡೆದಾರಿಗಳ ಉದ್ದವೆಲ್ಲ ಸೇರಿ ಹದಿನೇಳೂವರೆ ಮೈಲಿ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿಬರುವ ದೂರಕ್ಕೆ ಹೆಚ್ಚು ಕಡಮೆಯೇನಲ್ಲ! ಹೀಗಿದ್ದರೂ ಹೊಸಬನು ಅಲ್ಲಿ ಕಂಗೆಡಬೇಕಾಗಿಲ್ಲ. ಕೋಣೆಯ ಸಂಖ್ಯೆಯೇ ಅವನಿಗೆ ದಾರಿ ಹೇಳುತ್ತದೆ. ‘೨ಬಿ೩೧೫’ ಎಂದರೆ ಎರಡನೆಯ ಅಂತಸ್ತು, ಬಿ ಎಂಬ ಸುತ್ತು, ಮೂರನೆಯ ಓಣಿಯ ಸಮೀಪ, ಹದಿನೈದನೆಯ ಕೋಣೆ. ಎ ಸುತ್ತು ಒಳಗಣದು, ಇ ಸುತ್ತು ಹೊರಗಣದು.

ಕಾಲಿಗೆ ಒದಗಿದ ಈ ಜಾಣ್ಮೆಯನ್ನು ಅಂಚೆಯವರು ಲಕೋಟೆಗೆ ಆಧಾರವಾಗಿ ಇಟ್ಟುಕೊಳ್ಳಲಿಲ್ಲವೆಂಬುದೇ ಸ್ವಾರಸ್ಯ. ಅವರಿಗೆ ಬೇಕಾದದ್ದು ಯಾವ ಕೋಣೆಯೆಂಬುದಲ್ಲ, ಯಾವ ಇಲಾಖೆಯೆಂಬುದು. ಆ ದೇಶದಲ್ಲಿ ೧೯೬೩ರಲ್ಲಿ ಬಂದ ಅಂಚೆಯ ಅಂಕೆಗಳ ಪದ್ಧತಿಯಲ್ಲಿ ಈ ಒಂದೇ ಸೂರಿನಡಿಯ ಭೂಸೈನ್ಯಕ್ಕೆ ೨೦೩೧೦, ನೌಕಾಬಲಕ್ಕೆ ೨೦೩೫೦, ವಾಯುಬಲಕ್ಕೆ ೨೦೩೩೦, ಇವೆಲ್ಲಕ್ಕೂ ಮೇಲಾದ ಕಾರ್ಯದರ್ಶಿಯ ಕಚೇರಿಗೆ ೨೦೩೦೧. ಕಟ್ಟಡ ಒಂದು, ಅಂಚೆಯ ಕಣ್ಣಿಗೆ ಊರು ಹಲವು! ಅದು ನಿಂತಿರುವ ನೆಲವಾದರೋ ಪೊಟೋಮ್ಯಾಕ್ ನದಿಯಾಚೆಯ ವರ್ಜೀನಿಯ. ಮೇಲುವಿಳಾಸದಲ್ಲಿ ಬರೆಯುವುದು ವಾಷಿಂಗ್ಟನ್. ಭೂಗೋಳಕ್ಕೆ ವಿರೋಧವಾದ ಈ ಏರ್ಪಾಟು ನನಗೆ ಸರಿಯೆಂದೇ ತೋರುತ್ತದೆ. ಅಧಿಕಾರಿಯು ಇಂದು ಒಂದು ಕೋಣೆಯಲ್ಲಿರುವನು, ನಾಳೆ ಇನ್ನೊಂದರಲ್ಲಿ. ಅಧಿಕಾರಸ್ಥಾನವು ಮಾತ್ರ ಉಳಿಯುತ್ತದೆ.

೧೯೬೩ರಿಂದ ನಡೆದುಬಂದ ಈ ಕ್ರಮಕ್ಕೆ ೨೦೦೧ರಲ್ಲಿ ಒಂದು ಕಂಟಕವೂ ಒದಗಿತು. ಆ ವರ್ಷ ಲಕೋಟೆಗಳೊಳಗೆ ಆಂತ್ರಾಕ್ಸ್ ರೋಗದ ಪುಡಿಯನ್ನಿಟ್ಟು ಕೆಲವರು ಪ್ರಮುಖರಿಗೆ ಕಳುಹಿಸಲಾಗಿ ಐದು ಮಂದಿ ಮೃತರಾದರು. ಅಂಚೆಯ ಕೆಲಸಗಾರರೂ ಅವರಲ್ಲಿದ್ದರು. ಅಂದಿನಿಂದ ವಾಷಿಂಗ್ಟನ್ನಿನ ಸರಕಾರಿ ಕಚೇರಿಗಳ ಕಾಗದಗಳನ್ನು ಮೊದಲು ಬೇರೆಡೆ ವಿಕಿರಣಕ್ಕೆ ಒಡ್ಡುವುದು ರೂಢಿಯಾಯಿತು. ತಾಯಿಯ ಓಲೆಗೂ ಅದೇ ದಾರಿ, ಅದೇ ವಿಳಂಬ.

ನಮ್ಮಲ್ಲಿಯೂ ಈ ವಿಚಾರ ಹೊಸದಲ್ಲ. ಬೆಂಗಳೂರಿನ ಅಠಾರಾ ಕಚೇರಿಗೆ ಆ ಹೆಸರು ಬಂದದ್ದು ಹದಿನೆಂಟು ಇಲಾಖೆಗಳು ಒಂದೆಡೆ ನೆಲಸಿದ್ದರಿಂದ. ಇಂದು ಅಲ್ಲಿ ಉಚ್ಚ ನ್ಯಾಯಾಲಯವಿದೆ. ಇಂಥಲ್ಲಿಗೆ ಅರ್ಜಿ ಬರೆಯುವವರು ಅಧಿಕಾರಿಯ ಹೆಸರಿಗಿಂತ ಹುದ್ದೆಯನ್ನೂ ಶಾಖೆಯನ್ನೂ ಮೊದಲು ಕಾಣಿಸುವುದು ಒಳ್ಳೆಯದು. ಹೆಸರಿಗೆ ಬಂದ ಕಾಗದವು ಆತನು ವರ್ಗವಾಗಿ ಹೋದಾಗ ಖಾಸಗಿಯೆಂದು ಅವನ ಹಿಂದೆಯೇ ಊರೂರು ಅಲೆದೀತು. ಹುದ್ದೆಗೆ ಬಂದುದನ್ನು ಅವನ ಸ್ಥಾನಕ್ಕೆ ಬಂದವನು ಒಡೆಯುವನು. ಕಚೇರಿಯಿಂದ ಹಿಂದೆ ಬಂದ ಉತ್ತರವಿದ್ದರೆ, ಅದರ ಮೂಲೆಯಲ್ಲಿರುವ ಕಡತದ ಸಂಖ್ಯೆಯನ್ನೂ ತಾರೀಖನ್ನೂ ತಪ್ಪದೆ ನಮೂದಿಸಬೇಕು. ಟಪಾಲು ಗುಮಾಸ್ತನು ಮೊದಲು ಹುಡುಕುವುದು ಅದನ್ನೇ.